ಹೆಣ್ಣುಮಕ್ಕಳ ಬೆನ್ನು ಮುಚ್ಚಿಡುವ ವಿಷಯವೇ?

'ಹೊರಗೆ ಹೇಳಬೇಡಿ, ನಾಳೆ ಒಳ್ಳೆಯ ಸಂಬಂಧ ಕೂಡಿಬರಬೇಕಲ್ಲ!' ಮಗಳ ಬೆನ್ನೆಲುಬು ಬಾಗಿದೆ ಎಂದು ತಿಳಿದ ದಿನದಿಂದ ನಮಗೆ ಅತಿ ಹೆಚ್ಚು ದೊರೆತ ಬುದ್ಧಿಮಾತು ಇದು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ನೆಂಟರೆಲ್ಲರದೂ ಒಂದೇ ರಾಗ. ಮುಚ್ಚಿಟ್ಟ ಬಾಗು ಮದುವೆಯ ಹೊತ್ತಿಗೆ ತಾನಾಗಿ ನೆಟ್ಟಗಾಗುವುದೇ?

ಸ್ಕೋಲಿಯೋಸಿಸ್ ಎಂದರೆ ಬೆನ್ನೆಲುಬು ಪಕ್ಕಕ್ಕೆ ಬಾಗಿ ತಿರುಚಿಕೊಳ್ಳುವುದು. ನೂರು ಹದಿಹರೆಯದವರಲ್ಲಿ ಇಬ್ಬರು ಮೂವರಿಗೆ 10 ಡಿಗ್ರಿ ಮೀರಿದ ಬಾಗು ಇರುತ್ತದೆ. ಹೆಚ್ಚಿನವರಿಗೆ ಚಿಕಿತ್ಸೆಯೇ ಬೇಡ. ಆದರೆ ಬಾಗು ಬೆಳೆಯುತ್ತಾ ಹೋಗುವವರಲ್ಲಿ ಬಹುಪಾಲು ಹುಡುಗಿಯರು. ಸಾಮಾನ್ಯವಾಗಿ ನೋವಿರದು, ಆದ್ದರಿಂದ ಮಗು ಹೇಳುವುದಿಲ್ಲ. ಸಮವಸ್ತ್ರದ ವೇಲು ಉಳಿದದ್ದನ್ನು ಮರೆಮಾಡುತ್ತದೆ. ಹೆತ್ತವರಿಗಿಂತ ಮೊದಲು ಅಳತೆ ತೆಗೆಯುವ ಟೈಲರಿಗೆ ತಿಳಿಯುವುದೂ ಉಂಟು!

ಚೀಲದ ಭಾರದಿಂದ ಹೀಗಾಯಿತು ಎನ್ನುವವರಿದ್ದಾರೆ. ಒಂಬತ್ತು, ಹತ್ತನೆಯ ತರಗತಿಯವರ ಚೀಲ 5 ಕಿಲೋ ಮೀರಬಾರದೆಂದು ರಾಜ್ಯ ಸರಕಾರ 2019ರಲ್ಲಿ ಆದೇಶಿಸಿತು, ಒಳ್ಳೆಯದೇ. ಆದರೆ ಈ ಬಾಗಿಗೆ ಚೀಲವೂ ಕಾರಣವಲ್ಲ, ಕುಳಿತುಕೊಳ್ಳುವ ಭಂಗಿಯೂ ಅಲ್ಲ. 'ನೆಟ್ಟಗೆ ಕೂತುಕೋ' ಎಂದು ಗದರಿಸಿ ಫಲವಿಲ್ಲ. ಎಣ್ಣೆ ತಿಕ್ಕಿಸುತ್ತಾ ಕಳೆದ ತಿಂಗಳುಗಳಂತೂ ಮರಳಿ ಬಾರವು, ಏಕೆಂದರೆ ಮಗು ವೇಗವಾಗಿ ಎತ್ತರ ಬೆಳೆಯುವ ಕಾಲದಲ್ಲೇ ಬಾಗೂ ಬೆಳೆಯುತ್ತದೆ. 25ರಿಂದ 40 ಡಿಗ್ರಿಯೊಳಗೆ ಪತ್ತೆಯಾದರೆ ಬ್ರೇಸ್ ಉಂಟು. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ ಅಧ್ಯಯನದಲ್ಲಿ ಬ್ರೇಸ್ ಧರಿಸಿದ ಶೇಕಡಾ 72 ಮಕ್ಕಳ ಬಾಗು, ಬೆಳವಣಿಗೆ ಮುಗಿಯುವ ತನಕವೂ 50 ಡಿಗ್ರಿ ತಲುಪಲಿಲ್ಲ. ಬರಿದೆ ಕಾದು ನೋಡಿದವರಲ್ಲಿ ಶೇಕಡಾ 48. ಐವತ್ತು ದಾಟಿದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ಕುಂದಾಪುರದ ಏಪ್ರಿಲ್ ಸೆಕೆಯಲ್ಲಿ ದಿನಕ್ಕೆ ಹದಿನೆಂಟು ಗಂಟೆ ಬ್ರೇಸ್ ಧರಿಸುವುದು ಸುಲಭವಲ್ಲ. ನನ್ನ ಮಗಳು ಅದನ್ನು ಸಹಿಸುತ್ತಾಳೆ. ಅವಳಿಂದ ಸಹಿಸಲಾಗದ್ದು, ತಾನು ಬಂದೊಡನೆ ನಿಂತುಹೋಗುವ ಪಿಸುಮಾತು.

ನಮ್ಮ ಧರ್ಮಕೇಂದ್ರಗಳ ವೈದ್ಯಕೀಯ ಶಿಬಿರಗಳಲ್ಲಿ ಹಿರಿಯರ ರಕ್ತದೊತ್ತಡ, ಸಕ್ಕರೆ ನೋಡುತ್ತೇವೆ. ಅಂಗಳದಲ್ಲಿ ಆಡುತ್ತಿರುವ ಮಕ್ಕಳನ್ನು ಏಕೆ ಕರೆಯುವುದಿಲ್ಲ? ಯಂತ್ರ ಬೇಡ, ಖರ್ಚಿಲ್ಲ. ಮಗು ಪಾದ ಜೋಡಿಸಿ, ಮೊಣಕಾಲು ಮಡಿಸದೆ, ಅಂಗೈ ಕೂಡಿಸಿ ಮುಂದಕ್ಕೆ ಬಾಗಲಿ. ಬೆನ್ನಿನ ಒಂದು ಪಕ್ಕ ಉಬ್ಬಿ ಕಂಡರೆ ಮೂಳೆ ತಜ್ಞರಿಗೆ ತೋರಿಸಿ. ಮಣಿಪಾಲ ನಮಗೆ ದೂರವೇನಲ್ಲ. ಪಾಲನಾ ಮಂಡಳಿಯವರು ಮುಂದಿನ ಶಿಬಿರದಲ್ಲಿ ಒಂದು ಪರದೆ ಕಟ್ಟಿಸಿ, ಒಬ್ಬ ದಾದಿಯನ್ನು ಕೂರಿಸಿ, ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಪಟ್ಟಿಯನ್ನು ವಾಳೆಯ ಗುರಿಕಾರರಿಂದ ತರಿಸಿಕೊಳ್ಳಲಿ.