ಜೈಲಿನ ಗೋಡೆ ಸೋಂಕನ್ನು ತಡೆಯದು

ಮಾರನಹಳ್ಳಿ (ಸಕಲೇಶಪುರ): ಬೆಂಗಳೂರು–ಮಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 75 ಶಿರಾಡಿ ಘಾಟಿಗೆ ಇಳಿಯುವುದು ಇಲ್ಲಿಂದಲೇ. ಇಂಥ ಹೆದ್ದಾರಿಗಳ ಲಾರಿ ಚಾಲಕರಿಗೆ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಮೊದಲಿನಿಂದಲೂ ವಿಶೇಷ ಸ್ಥಾನವಿದೆ. ಆದರೆ ಎಆರ್‌ಟಿ ಮಾತ್ರೆ ಸೇವಿಸುತ್ತಿರುವ ಚಾಲಕನೊಬ್ಬ ಯಾವುದೋ ಪ್ರಕರಣದಲ್ಲಿ ಬಂಧಿತನಾಗಿ ಹಾಸನದ ಕಾರಾಗೃಹ ಸೇರಿದನೆಂದು ಭಾವಿಸೋಣ. ಮಾತ್ರೆಯ ಡಬ್ಬಿ ಲಾರಿಯಲ್ಲೇ ಉಳಿದಿದೆ. ಕೇಳಿದರೆ ರೋಗದ ಗುಟ್ಟು ಬ್ಯಾರಕಿಗೆಲ್ಲ ತಿಳಿಯುವ ಭಯ; ಕೇಳದಿದ್ದರೆ ಚಿಕಿತ್ಸೆಗೆ ಭಂಗ.

ಈ ಆತಂಕ ಕಾಲ್ಪನಿಕವಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2021ರ ಸಮೀಕ್ಷೆಯಲ್ಲಿ ದೇಶದ ಕೈದಿಗಳಲ್ಲಿ ಎಚ್‌ಐವಿ ಪ್ರಮಾಣ ಶೇ. 1.93ರಷ್ಟಿತ್ತು. ಅದೇ ವರ್ಷ ವಯಸ್ಕ ಜನಸಂಖ್ಯೆಯಲ್ಲಿ ಅಂದಾಜಿಸಲಾದ ಪ್ರಮಾಣ ಶೇ. 0.21 ಮಾತ್ರ. 2022ರ ಅಂತ್ಯಕ್ಕೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯ ಪೈಕಿ 4,34,302 ಮಂದಿ ವಿಚಾರಣಾಧೀನರು. ಜಾಮೀನು ದೊರೆತೊಡನೆ ಇವರು ಮರಳುವುದು ತಮ್ಮ ಮನೆಗಳಿಗೆ. ಆದ್ದರಿಂದ ಜೈಲಿನ ಆರೋಗ್ಯ ಊರಿನ ಆರೋಗ್ಯದಿಂದ ಬೇರೆಯಲ್ಲ.

ಮಾತ್ರೆ ತಪ್ಪಿದರೆ ವೈರಾಣು ಮತ್ತೆ ಹೆಚ್ಚುತ್ತದೆ, ಔಷಧಕ್ಕೆ ಬಗ್ಗದ ಸ್ಥಿತಿಯೂ ಒದಗಬಹುದು. ತಪ್ಪದೆ ಸೇವಿಸಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದರೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡದು. ಅಂದರೆ ಚಿಕಿತ್ಸೆಯೇ ಒಂದು ತಡೆ. 2004ರ ಏಪ್ರಿಲ್‌ನಿಂದ ಸರ್ಕಾರ ಈ ಔಷಧವನ್ನು ಉಚಿತವಾಗಿ ನೀಡುತ್ತಿದೆ.

ಕಾನೂನೂ ಸ್ಪಷ್ಟವಾಗಿದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಸರ್ಕಾರದ ವಶದಲ್ಲಿರುವವರಿಗೆ ಸೋಂಕು ತಡೆ, ಆಪ್ತ ಸಮಾಲೋಚನೆ, ಪರೀಕ್ಷೆ ಮತ್ತು ಚಿಕಿತ್ಸೆಯ ಹಕ್ಕು ನೀಡಿದೆ. ಒಪ್ಪಿಗೆಯಿಲ್ಲದ ಪರೀಕ್ಷೆಗೂ ಗುಟ್ಟು ಬಯಲು ಮಾಡುವುದಕ್ಕೂ ಅದು ಕಡಿವಾಣ ಹಾಕಿದೆ.

ಕಾಂಡೋಮ್ ವಿಷಯದಲ್ಲಿ ಮಾತ್ರ ಹಿಂಜರಿಕೆ ಹಳೆಯದು. 1994ರಲ್ಲಿ ದೆಹಲಿಯ ತಿಹಾರ್ ಜೈಲಿನ ಆಡಳಿತ ಇದನ್ನು ನಿರಾಕರಿಸಿದ್ದೇ ಐಪಿಸಿ 377ನೇ ಕಲಮಿನ ವಿರುದ್ಧ ಹೈಕೋರ್ಟಿಗೆ ಅರ್ಜಿ ಸಲ್ಲಿಕೆಯಾಗಲು ಕಾರಣವಾಯಿತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತ ಬಳಿಕ ಆ ಕಾನೂನಿನ ನೆಪ ಉಳಿದಿಲ್ಲ.

ಬೇಕಿರುವುದು ದೊಡ್ಡ ಯೋಜನೆಯೇನಲ್ಲ. ಬಂಧಿತನ ವೈದ್ಯಕೀಯ ತಪಾಸಣೆಯ ವೇಳೆ ನಿತ್ಯದ ಔಷಧದ ಕುರಿತು ಏಕಾಂತದಲ್ಲಿ ವಿಚಾರಿಸಬೇಕು. ಮೊದಲ ದಿನವೇ ಮಾತ್ರೆ ಒದಗಿಸಬೇಕು. ಬೇರೆ ಜೈಲಿಗೆ ವರ್ಗವಾದರೆ ಚಿಕಿತ್ಸೆಯ ದಾಖಲೆ ಮುಚ್ಚಿದ ಲಕೋಟೆಯಲ್ಲಿ ಜೊತೆಗೆ ಹೋಗಬೇಕು. ಬಿಡುಗಡೆಯ ದಿನ ಕೆಲವು ವಾರಗಳ ಮಾತ್ರೆಯನ್ನೂ ಊರಿಗೆ ಹತ್ತಿರದ ಎಆರ್‌ಟಿ ಕೇಂದ್ರದ ವಿಳಾಸವನ್ನೂ ಕೈಗಿಡಬೇಕು. ನ್ಯಾಯಾಲಯ ಕಸಿಯುವುದು ಸ್ವಾತಂತ್ರ್ಯವನ್ನು. ಚಿಕಿತ್ಸೆಯನ್ನೂ ಕಸಿಯುವಂತೆ ಯಾವ ಆದೇಶವೂ ಹೇಳುವುದಿಲ್ಲ.