ಊರಿಗೆ ಒಪ್ಪುವ ಗ್ರಂಥಾಲಯ

ಹಾನಗಲ್ಲಿನ ತಾರಕೇಶ್ವರ ದೇವಾಲಯದ ಸಭಾಮಂಟಪದಲ್ಲಿ ಬೇಸಿಗೆಯ ನಡುಹಗಲಿನಲ್ಲಿಯೂ ತಂಪಿರುತ್ತದೆ. ಕಂಬಗಳ ನಡುವೆ ಗಾಳಿ ಹಾಯುತ್ತದೆ. ಮುಂಚಾಚಿದ ಕಲ್ಲಿನ ಸೂರು ಬಿಸಿಲನ್ನು ತಡೆಯುತ್ತದೆ. ಅದನ್ನು ಕಟ್ಟಿದವರು ವಿದ್ಯುತ್ತನ್ನು ಅರಿತವರಲ್ಲ.

ಇಂತಹ ಸೀಮೆಯಲ್ಲಿ ಗ್ರಂಥಾಲಯವೆಂದರೆ ಗಾಜು-ಕಾಂಕ್ರೀಟುಗಳ ಪೆಟ್ಟಿಗೆ ಎಂದು ಭಾವಿಸುವುದು ವಿವೇಕವೇ? ವಿದ್ಯುತ್ತು ಹೋದೊಡನೆ ಫ್ಯಾನು ನಿಲ್ಲುತ್ತದೆ. ಓದುಗನು ಬೆವರೊರೆಸಿಕೊಂಡು ಎದ್ದು ಹೋಗುತ್ತಾನೆ. ಪುಸ್ತಕವಾದರೋ ಎದ್ದು ಹೋಗಲಾರದು. ಅದು ತೇವಕ್ಕೆ ಬೂಷ್ಟು ಹಿಡಿದು, ಗೆದ್ದಲಿಗೆ ಆಹಾರವಾಗುತ್ತದೆ.

ನಾಲ್ಕು ಊರುಗಳಿಗೆ ಒಂದೇ ನಕ್ಷೆಯೂ ಸಲ್ಲದು. ಮಲೆನಾಡಿನ ಅಂಚಿನ ಹಾನಗಲ್ಲಿಗೆ ಎತ್ತರದ ಜಗಲಿ, ಇಳಿಜಾರಾದ ಹೆಂಚಿನ ಮಾಡು ಬೇಕು. ಬಯಲಿನ ಸವಣೂರಿಗೆ ದಪ್ಪ ಗೋಡೆ, ಉತ್ತರದ ಬೆಳಕು, ಅಂಗಳದಲ್ಲಿ ನೆರಳು ಬೇಕು; ಬೃಹತ್ತಾದ ದೊಡ್ಡಹುಣಸೆ ಮರಗಳನ್ನು ಶತಮಾನಗಳ ಕಾಲ ಕಾಯ್ದುಕೊಂಡ ಊರಿಗೆ ನೆರಳಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಶಿಗ್ಗಾವಿಯದು ಇವೆರಡರ ನಡುವಣ ಸ್ಥಿತಿ. ಹೆಸರಿನಲ್ಲಿಯೇ ಕೆರೆಯನ್ನು ಇರಿಸಿಕೊಂಡ ಹಿರೇಕೆರೂರಿನಲ್ಲಿ ಛಾವಣಿಯ ಮಳೆನೀರು ಚರಂಡಿಗೆ ಹರಿಯದೆ ತೊಟ್ಟಿಯನ್ನು ಸೇರಬೇಕು.

ಇದು ಅಂದಚೆಂದದ ಮಾತಷ್ಟೇ ಅಲ್ಲ, ಹಣದ ಮಾತೂ ಹೌದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಜನರು ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತಾರೆ. ಆ ಹಣವು ವರ್ಷವರ್ಷವೂ ಸೋರುವ ಛಾವಣಿಗೆ ತೇಪೆ ಹಾಕುವುದರಲ್ಲಿಯೇ ಕರಗಿದರೆ ಕಪಾಟಿಗೆ ಹೊಸ ಪುಸ್ತಕ ಬರುವುದು ಯಾವಾಗ?