ಮರೆಯಾದ ಮೃದುಕಂಠಗಳು

ಕಳೆದ ಶತಮಾನದ ಅರುವತ್ತು, ಎಪ್ಪತ್ತರ ವರ್ಷಗಳಲ್ಲಿ ಪಶ್ಚಿಮ ದೇಶಗಳ ದೇವಾಲಯಗಳೊಳಗೆ ಗಿಟಾರು ಪ್ರವೇಶಿಸಿದಾಗ ಹಿರಿಯರನೇಕರು ಹುಬ್ಬು ಗಂಟಿಕ್ಕಿದರು. 1963ರಲ್ಲಿ ವ್ಯಾಟಿಕನ್ ಮಹಾಸಭೆಯು ಆರಾಧನೆಯಲ್ಲಿ ದೇಶಭಾಷೆಗಳಿಗೆ ಎಡೆಗೊಟ್ಟಿತ್ತು. ಕ್ಯಾಲಿಫೋರ್ನಿಯಾದಲ್ಲಿ ಹಿಪ್ಪಿಗಳೆನಿಸಿಕೊಂಡ ಬರಿಗಾಲಿನ ತರುಣ ತರುಣಿಯರು ಕ್ರಿಸ್ತನ ಹೆಸರಿನಲ್ಲಿ ಜಾನಪದ ಧಾಟಿಯ ಗೀತಗಳನ್ನು ಹಾಡತೊಡಗಿದ್ದರು. ಆ ಗದ್ದಲದ ನಡುವೆ ಕೆಲವು ಸ್ತ್ರೀಕಂಠಗಳು ಮೆಲ್ಲನೆ ಹಾಡಿ ಮರೆಯಾದವು. ಅವುಗಳನ್ನು ಈಗ ಪುನಃ ಕೇಳುವವರು ಹುಟ್ಟಿಕೊಂಡಿರುವುದು ನಮಗೆ ಸಂತೋಷವೇ.

ಮೆಡಿಕಲ್ ಮಿಶನ್ ಸಹೋದರಿಯರ ‘ಜಾಯ್ ಈಸ್ ಲೈಕ್ ದ ರೇನ್’ (1966) ಆ ಕಾಲದಲ್ಲಿ ಹೆಸರು ಪಡೆದ ತಟ್ಟೆ. ಅದರ ಗೀತಗಳನ್ನು ರಚಿಸಿದವರು ಮಿರಿಯಂ ತೆರೇಸ್ ವಿಂಟರ್. ಆಗ ಇಂಡಿಯಾಕ್ಕೆ ಸೇರಿದ್ದ ರಾವಲ್ಪಿಂಡಿಯಲ್ಲಿ ಪುರುಷ ವೈದ್ಯರ ಬಳಿಗೆ ಹೋಗಲಾರದ ಸ್ತ್ರೀಯರ ಸಂಕಟವನ್ನು ಕಣ್ಣಾರೆ ಕಂಡ ಡಾಕ್ಟರ್ ಅನಾ ಡೆಂಗೆಲ್ ಅವರು 1925ರಲ್ಲಿ ಕಟ್ಟಿದ ಸಂಘವದು.

ಆಸ್ಟ್ರೇಲಿಯಾದ ಸಹೋದರಿ ಐರಿನ್ ಓಕಾನರ್ ಅವರ ‘ಫೈರ್ ಆಫ್ ಗಾಡ್ಸ್ ಲವ್’ (1973) ಅಷ್ಟು ಪುಣ್ಯ ಮಾಡಿರಲಿಲ್ಲ. ಅವರೇ ಹಾಡಿದರು, ಅವರೇ ವಾದ್ಯ ನುಡಿಸಿದರು. ಧ್ವನಿಮುದ್ರಣದ ಯಂತ್ರವನ್ನು ನೋಡಿಕೊಂಡವರು ಮತ್ತೊಬ್ಬ ಸಹೋದರಿ. ದೊಡ್ಡ ಗುಡಿಯೊಂದರ ಒಳಗಿನಿಂದ ಕೇಳಿಬರುವಂತಿರುವ ಆ ದನಿ ದಶಕಗಳ ಕಾಲ ಹೆಚ್ಚಿನವರ ಕಿವಿಗೆ ಬೀಳಲಿಲ್ಲ. ಇಂದು ಸಂಗ್ರಾಹಕರು ಅದನ್ನು ಹುಡುಕಿ ಕೊಳ್ಳುವರು. ಆದರೆ ಅವರಲ್ಲಿ ಕೆಲವರು ಅದನ್ನು ‘ವಿಚಿತ್ರ’ವೆಂದು ಮೆಚ್ಚುವರೇ ಹೊರತು ಪ್ರಾರ್ಥನೆಯೆಂದು ಆಲಿಸುವುದಿಲ್ಲ. ಇದು ನಮಗೆ ಸರಿದೋರದು. ಹಾಡಿದವಳು ಯಾರನ್ನು ಕುರಿತು ಹಾಡಿದಳೆಂಬುದನ್ನು ಬಿಟ್ಟು ಹಾಡನ್ನು ಕೇಳುವುದೆಂತು?

ಇಂತಹ ಗೀತಗಳ ಸಾಹಿತ್ಯವು ಕೆಲವೆಡೆ ತೀರ ತೆಳುವೆಂಬುದನ್ನು ನಾವು ಒಪ್ಪುವೆವು. ಆದರೆ ಮೃದುವಾದ ದನಿಯು ದುರ್ಬಲವಾದ ದನಿಯೆಂಬ ಮಾತನ್ನು ಮಾತ್ರ ಒಪ್ಪಲಾರೆವು. ತೊಟ್ಟಿಲ ಬಳಿಯಲ್ಲಿಯೂ ರೋಗಿಯ ಹಾಸಿಗೆಯ ಬಳಿಯಲ್ಲಿಯೂ ಯಾರೂ ಗಟ್ಟಿಯಾಗಿ ಹಾಡುವುದಿಲ್ಲವಷ್ಟೆ.

ದೂರದೇಶದ ತಟ್ಟೆಗಳನ್ನಾದರೂ ಯಾರೋ ಹುಡುಕಿ ತೆಗೆದರು. ನಮ್ಮ ಹಳೆಯ ವಿದ್ಯಾರ್ಥಿನಿಯರು ಕ್ರಿಸ್ಮಸ್ ಕಾಲದಲ್ಲಿ ಹಾಡಿದ ಕನ್ನಡ ಗೀತಗಳನ್ನು ಹುಡುಕುವವರು ಯಾರು? ತಾಯಂದಿರ ಕಪಾಟುಗಳಲ್ಲಿ ಒಂದೆರಡು ಕ್ಯಾಸೆಟ್ಟುಗಳು ಇದ್ದರೂ ಇರಬಹುದು. ಅವುಗಳ ಸುರುಳಿಗೆ ಬೂಷ್ಟು ಹಿಡಿಯುವ ಮೊದಲು ಪ್ರತಿಮಾಡಿಸಿ, ಹಾಡಿದವರ ಹೆಸರನ್ನೂ ಇಸವಿಯನ್ನೂ ಬರೆದು, ಶಾಲೆಗೆ ಒಂದು ಪ್ರತಿಯನ್ನು ಕಳುಹಿಸಬೇಕಾಗಿ ವಿನಂತಿಸುತ್ತೇವೆ.